2 ಎಚ್‌ಪಿ ಕಂಪ್ರೆಸರೂ ನಿಮ್ಮ ನಾಲ್ಕನೇ ಪುಟವೂ

ನಮಸ್ಕಾರ. ನೀವು ನಮ್ಮ ಪತ್ರಿಕೆಗೆ ಕಳ್ಸಿದ ಲೇಖನ ‘ಮನೆಯಲ್ಲೇ ಕಾರ್ ಪೇಂಟಿಂಗ್: ಸರಿಯಾದ ಏರ್ ಕಂಪ್ರೆಸರ್ ಆಯ್ಕೆ’ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ಆದ್ರೆ ಪಕ್ಕಕ್ಕಿಡೋ ಬರಹಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ಮೊದಲ ಎರಡು ಪುಟ ತೆಗ್ದುಬಿಡಿ. ಕುಲುಮೆಯ ತಿದಿ, ಕೈಗಾರಿಕಾ ಕ್ರಾಂತಿ, ಗಾಳಿಯ ಮಹತ್ವ ಎಲ್ಲ ಚೆನ್ನಾಗೇ ಇದೆ, ಆದ್ರೆ ಓದೋನು ಶೆಡ್ಡಲ್ಲಿ ತುಕ್ಕು ಹಿಡಿದ ಕಾರ್ ಇಟ್ಕೊಂಡು ಅಂಗಡಿಗೆ ಹೊರಟಿದಾನೆ, ಅವನಿಗೆ ತಿದಿ ಕಟ್ಕೊಂಡು ಏನಾಗ್ಬೇಕು? ಮೂರನೇ ಪುಟದ ಟೇಬಲ್ ಕ್ಯಾಟಲಾಗಿಂದ ಎತ್ತಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಅದೂ ಬೇಡ.

ನಾಲ್ಕನೇ ಪುಟದ ಮಧ್ಯೆ ಒಂದು ಸಾಲಿದೆ ನೋಡಿ: ‘ಮಾರುತಿ 800ರ ಹಿಂದಿನ ಬಾಗಿಲಿಗೆ ಕ್ಲಿಯರ್ ಕೋಟ್ ಹೊಡೀತಿರುವಾಗ ಅರ್ಧಕ್ಕೆ ಗಾಳಿ ಸೊರಗಿ ಗನ್ ಉಗುಳೋಕೆ ಶುರು ಮಾಡಿತು.’ ಇಷ್ಟು ಹೇಳಿ ಮುಂದಿನ ಸಾಲಲ್ಲೇ ‘ಆದ್ದರಿಂದ ಆದಷ್ಟು ದೊಡ್ಡ ಟ್ಯಾಂಕ್ ಕೊಳ್ಳಿ’ ಅಂತ ಮುಗಿಸಿಬಿಟ್ಟಿದೀರಿ. ಅಲ್ಲ ಮಾರಾಯ್ರೆ, ಇಡೀ ಲೇಖನ ಇರೋದೇ ಆ ಬಾಗಿಲಲ್ಲಿ! ಅಲ್ಲಿಂದಲೇ ಶುರು ಮಾಡಿ, ಬಣ್ಣದ ಮೇಲಿನ ಆ ಪಾರದರ್ಶಕ ಹೊಳಪಿನ ಪದರ ಬಾಗಿಲ ಮೇಲ್ಭಾಗದಲ್ಲಿ ಕನ್ನಡಿ ತರ, ಕೆಳಭಾಗದಲ್ಲಿ ಕಿತ್ತಳೆ ಸಿಪ್ಪೆ ತರ ಆಗಿದ್ದು ಕಾಣ್ಸಿ.

ಮತ್ತೆ ಆ ಸಲಹೆ ತಪ್ಪು. ನಿಮ್ಮದೇ ಲೆಕ್ಕ ತಗೊಳ್ಳಿ. 50 ಲೀಟರ್ ಟ್ಯಾಂಕ್ 8 ಬಾರ್ ಒತ್ತಡದಿಂದ 4 ಬಾರ್ ಒತ್ತಡಕ್ಕೆ ಇಳಿಯೋದ್ರೊಳಗೆ ಕೊಡೋದು ಸುಮಾರು 200 ಲೀಟರ್ ಗಾಳಿ, ಅಂದ್ರೆ 7 ಘನ ಅಡಿ. ನಿಮ್ಮ ಎಚ್‌ವಿಎಲ್‌ಪಿ ಗನ್ (ಕಡಿಮೆ ಒತ್ತಡದಲ್ಲಿ ಜಾಸ್ತಿ ಗಾಳಿ ಬಳಸೋದು) ನಿಮಿಷಕ್ಕೆ 12 ಘನ ಅಡಿ ಕುಡಿಯುತ್ತೆ ಅಂತ ನೀವೇ ಬರ್ದಿದೀರಿ. ನಿಮ್ಮ 2 ಎಚ್‌ಪಿ ಕಂಪ್ರೆಸರಿನ ಪಂಪ್ ಅದೇ ಹೊತ್ತಲ್ಲಿ 5 ತುಂಬ್ತಾ ಇದ್ರೂ ನಿಮಿಷಕ್ಕೆ 7 ಸಾಲ, ಅಲ್ಲಿಗೆ ಒಂದೇ ನಿಮಿಷಕ್ಕೆ ಟ್ಯಾಂಕ್ ಸೊರಗ್ತು, ಬಾಗಿಲು ಅರ್ಧಕ್ಕೆ ನಿಂತಿದ್ದು ಅದಕ್ಕೇ. 100 ಲೀಟರ್ ತಂದಿದ್ರೆ ಎರಡು ನಿಮಿಷ ಎಳೀತಿತ್ತು, ಅಷ್ಟೆ. ತಾರಸಿ ಮೇಲೆ ಸಿಂಟೆಕ್ಸ್ ದೊಡ್ಡದು ಇಟ್ರೆ ಬೋರಲ್ಲಿ ನೀರು ಜಾಸ್ತಿ ಬರುತ್ತಾ ಹೇಳಿ?

ನೋಡ್ಬೇಕಾದ್ದು ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋದು), ಅದ್ರಲ್ಲೂ ಎಫ್‌ಎಡಿ ಅಂತ ಬರ್ದಿರೋದು, ಅಂದ್ರೆ ನಿಜವಾಗ್ಲೂ ಹೊರಗೆ ಬರೋ ಗಾಳಿ. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಹಾಕೋ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್ ಲೆಕ್ಕದ ಮೇಲಿನ ಗಾಳಿ, ಸಣ್ಣ ಕಂಪ್ರೆಸರಲ್ಲಿ ಅದರ ಮೂರರಲ್ಲಿ ಎರಡು ಪಾಲಿನ ಆಸುಪಾಸು ಕೈಗೆ ಸಿಗುತ್ತೆ. ಹಾಗಾಗಿ ಓದುಗನಿಗೆ ಗನ್ ಮೊದ್ಲು ಆರಿಸ್ಕೋ, ಕಂಪ್ರೆಸರ್ ಆಮೇಲೆ ಅಂತ ಹೇಳಿ. 4ರಿಂದ 6 ಸಿಎಫ್‌ಎಂ ಸಾಕಾಗೋ ಎಲ್‌ವಿಎಲ್‌ಪಿ ಗನ್ (ಕಡಿಮೆ ಒತ್ತಡ, ಕಡಿಮೆ ಗಾಳಿ) ಇದೆ, ಒಂದೊಂದೇ ಪ್ಯಾನೆಲ್ ಹೊಡೆಯೋರಿಗೆ ಅದು ಸಾಲುತ್ತೆ. ಪುಟ್ಟಿ ಉಜ್ಜೋಕೆ ಏರ್ ಸ್ಯಾಂಡರ್ ಬದ್ಲು ಕರೆಂಟಿಂದು ತಗೊಂಡ್ರೆ ಅರ್ಧ ತಲೆನೋವು ಅಲ್ಲೇ ಹೋಯ್ತು. ‘3 ಎಚ್‌ಪಿಗಿಂತ ಕಡಿಮೆ ಬೇಡವೇ ಬೇಡ’ ಅಂತ ಬರೆಯೋ ಮುಂಚೆ 1 ಎಚ್‌ಪಿ ಅಂದ್ರೆ 746 ವ್ಯಾಟ್, ಸ್ಟಾರ್ಟ್ ಆಗೋವಾಗ ಇನ್ನೂ ಎಷ್ಟೋ ಜಾಸ್ತಿ ಎಳೆಯುತ್ತೆ, ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಕರೆಂಟ್ ಬಿಲ್ಲಲ್ಲೇ ಇರುತ್ತೆ ಅನ್ನೋದನ್ನೂ ಸೇರ್ಸಿ. ಫ್ಯೂಸ್ ಹೋದ್ರೆ ಬೈಸ್ಕೊಳ್ಳೋದು ನಾನು.

ಇನ್ನು ನೀರು. ‘ತೇವಾಂಶದ ಬಗ್ಗೆ ಎಚ್ಚರವಿರಲಿ’ ಅಂತ ಒಂದೇ ಸಾಲು! ನೀವಿರೋದು ಪುತ್ತೂರಲ್ಲಿ ಸ್ವಾಮಿ, ಜುಲೈಯಲ್ಲಿ ಗೋಡೆನೇ ಬೆವರುತ್ತೆ. ಒತ್ತಿದ ಗಾಳಿ ಬಿಸಿಯಾಗಿ, ಟ್ಯಾಂಕಲ್ಲೂ ಪೈಪಲ್ಲೂ ತಣ್ಣಗಾಗ್ತಾ ನೀರು ಬಿಡುತ್ತೆ. ಫಿಲ್ಟರನ್ನ ಕಂಪ್ರೆಸರ್ ಬಾಯಿಗೇ ಸಿಗ್ಸಿದ್ರೆ ಬಿಸಿ ಗಾಳಿ ಆವಿ ಸಮೇತ ದಾಟಿ ಹೋಗುತ್ತೆ, ಪೈಪ್ ಉದ್ದ ಎಳ್ದು ತಣ್ಣಗಾದ ಮೇಲೆ ಗನ್ ಹತ್ರ ಹಾಕ್ಬೇಕು. ದಿನಾ ಕೆಲಸ ಮುಗಿದ ಮೇಲೆ ಟ್ಯಾಂಕ್ ಕೆಳಗಿನ ವಾಲ್ವ್ ತೆರೆದ್ರೆ ಬರೋ ಆ ಕೆಂಚು ನೀರನ್ನ ನೀವು ನೋಡೇ ಇರ್ತೀರಿ, ಅದನ್ನ ಬರೀರಿ. (ನನ್ನ ಸ್ಕೂಟರಿಗೆ ಒಬ್ರು ಮಳೆಗಾಲದಲ್ಲಿ ಬಣ್ಣ ಹೊಡ್ದುಕೊಟ್ಟಿದ್ರು, ದೀಪಾವಳಿ ಹೊತ್ತಿಗೆ ಮಡ್ಗಾರ್ಡ್ ತುಂಬ ಹಪ್ಪಳದ ಗುಳ್ಳೆ.)

ಒಂದು ವಿಷ್ಯದಲ್ಲಿ ಮಾತ್ರ ನಾನು ಬಗ್ಗಲ್ಲ. 2ಕೆ, ಅಂದ್ರೆ ಎರಡು ದ್ರವ ಬೆರೆಸಿ ಹೊಡೆಯೋ ಕ್ಲಿಯರ್ ಕೋಟಿನ ಹಾರ್ಡ್‌ನರಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ, ಅದು ಶ್ವಾಸಕೋಶಕ್ಕೆ ಹೋದ್ರೆ ಆಸ್ತಮಾ ಹತ್ಕೊಳ್ಬಹುದು, ಕರ್ಚೀಫ್ ಕಟ್ಕೊಂಡ್ರೆ ನಿಲ್ಲಲ್ಲ. ನಿಮ್ಮ ಫೋಟೋದಲ್ಲಿ ಮುಖಕ್ಕಿರೋದು ಟವೆಲ್. ಆ ಫೋಟೋ ಹಾಕಲ್ಲ, ಮಾಸ್ಕ್ ಮತ್ತು ಹೊರಗಿಂದ ಗಾಳಿ ಕೊಡೋ ವ್ಯವಸ್ಥೆ ಬಗ್ಗೆ ಒಂದು ಪ್ಯಾರಾ ಇಲ್ದೆ ಲೇಖನಾನೂ ಹಾಕಲ್ಲ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. ‘ವಾಯು ಸಂಪೀಡಕ’ ಬೇಡ, ನಿಮ್ಮೂರಿನ ಪಂಕ್ಚರ್ ಅಂಗಡಿಯವರೂ ಕಂಪ್ರೆಸರ್ ಅಂತಾನೇ ಅನ್ನೋದು.

ತಿದ್ದಿ ಕಳ್ಸಿ, ನಾಲ್ಕು ಪುಟ ಸಾಕು. ಹಾಂ, ಆ ಬಾಗಿಲು ಕೊನೆಗೆ ಏನಾಯ್ತು, ಉಜ್ಜಿ ಮತ್ತೆ ಹೊಡೆದ್ರಾ ಇಲ್ಲ ಹಾಗೇ ಓಡಿಸ್ತಿದೀರಾ? ಎಲ್ಲೂ ಹೇಳೇ ಇಲ್ಲ.