ಗ್ರೀಕ್, ರೋಮನ್ ದೇವತೆಗಳ ಕೆಲವು ಪಿಂಗಾಣಿ ಬೊಂಬೆಗಳಿಗೆ ಹೊಳಪು ಯಾಕಿಲ್ಲ?

ಅದು ಬೇಕಂತಲೇ ಬಿಟ್ಟಿದ್ದು. ಹೊಳಪಿನ ಲೇಪ ಹಾಕದೆ ಸುಟ್ಟ ಇದಕ್ಕೆ ಬಿಸ್ಕತ್ ಪಿಂಗಾಣಿ ಎನ್ನುತ್ತಾರೆ. ಫ್ರಾನ್ಸಿನ ವಿನ್ಸೆನ್ ಕಾರ್ಖಾನೆ 1750ರ ದಶಕದಲ್ಲಿ ಇಂಥ ಬೊಂಬೆಗಳನ್ನು ಶುರು ಮಾಡಿತು. 1756ರಲ್ಲಿ ಆ ಕಾರ್ಖಾನೆ ಸೆವ್ರ್ ಎಂಬ ಊರಿಗೆ ಹೋಯಿತು.

ಲೇಪ ಹಾಕಿದರೆ ಅದು ಕರಗಿ ವೀನಸ್‌ಳ ಕೂದಲ ಎಳೆಗಳಲ್ಲಿ, ಬಟ್ಟೆಯ ಮಡಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ನಯವಾದ ಕೆತ್ತನೆಯೆಲ್ಲ ಮಸುಕು. ಲೇಪವಿಲ್ಲದಿದ್ದರೆ ಥೇಟ್ ಅಮೃತಶಿಲೆಯ ಹಾಗೆ ಕಾಣುತ್ತದೆ, ಅದೇ ತಾನೇ ಬೇಕಿದ್ದದ್ದು? ಆದರೆ ಸಣ್ಣ ಕಲೆಯನ್ನೂ ಮುಚ್ಚಿಡಲು ಆಗುವುದಿಲ್ಲ. ಹಾಗಾಗಿ ಇದೇ ಜಾಸ್ತಿ ಕಷ್ಟದ ಕೆಲಸ ಅಂತ ನನ್ನ ಅಭಿಪ್ರಾಯ. ಸುಡುವಾಗ ಬೊಂಬೆ ಕುಗ್ಗುತ್ತದೆ ಬೇರೆ. ಚಾಚಿದ ಕೈಗೆ ಅದೇ ಮಣ್ಣಿನ ಆಸರೆ ಕೊಡುತ್ತಾರೆ, ಅದೂ ಜೊತೆಗೇ ಕುಗ್ಗಲಿ ಅಂತ.

ರೋಮ್‌ನಲ್ಲಿ ಜೊವಾನ್ನಿ ವೊಲ್ಪಾಟೊ 1785ರಲ್ಲಿ ಕಾರ್ಖಾನೆ ತೆರೆದು, ಹಳೆಯ ಶಿಲ್ಪಗಳ ಪುಟ್ಟ ಬಿಸ್ಕತ್ ಪ್ರತಿಗಳನ್ನು ಪ್ರವಾಸಿಗರಿಗೆ ಮಾರಿದರು.