ಕೋವಿ, ತುಪಾಕಿ, ಬಂದೂಕು: ಯಾವುದು ಎಲ್ಲಿಯದು?

ಪ್ರಶ್ನೆ: ತೋಟಕ್ಕೆ ಹಂದಿ ನುಗ್ಗಿದರೆ ನಮ್ಮಲ್ಲಿ ‘ಕೋವಿ’ ತೆಗೆಯುತ್ತಾರೆ. ಪತ್ರಿಕೆಯಲ್ಲಿ ಅದೇ ‘ಬಂದೂಕು’ ಆಗುತ್ತದೆ. ಕೋವಿ ಪೋರ್ಚುಗೀಸರು ಬಿಟ್ಟುಹೋದ ಪದವೆಂದು ಒಬ್ಬರ ವಾದ. ಹೌದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ. ಪೋರ್ಚುಗೀಸರು ಅದಕ್ಕೆ ‘ಎಸ್ಪಿಂಗಾರ್ದ’ ಎನ್ನುತ್ತಿದ್ದರು. ಕೋವಿ ನಮ್ಮದೇ ದ್ರಾವಿಡ ಪದ, ತುಳುವಿನಲ್ಲೂ ಕೊಡವ ತಕ್ಕ್‌ನಲ್ಲೂ ಇದೆ. ಅದರ ಮೂಲ ಅರ್ಥ ಕೊಳವೆ, ಅಷ್ಟೇ. ಆಯುಧ ಹೊರಗಿನಿಂದ ಬಂತು, ಹೆಸರು ಮನೆಯಲ್ಲೇ ಸಿಕ್ಕಿತು. ಔಷಧಿಯ ‘ಮದ್ದು’ ಸಿಡಿಮದ್ದಾಯಿತು, ಉರುಟು ಕಲ್ಲಿನ ‘ಗುಂಡು’ ಸೀಸದ್ದಾಯಿತು, ಬಡಿಯುವ ಕೊಕ್ಕೆ ‘ಕುದುರೆ’ಯಾಯಿತು (ಮರಾಠಿಯಲ್ಲೂ ಅದು ‘ಘೋಡಾ’). ‘ಕೇಪಿನ ಕೋವಿ’ಯ ಕೇಪು (ಕುದುರೆ ಬಡಿದಾಗ ಕಿಡಿ ಹುಟ್ಟಿಸುವ ಪುಟ್ಟ ಟೊಪ್ಪಿ) ಮಾತ್ರ ಇಂಗ್ಲಿಷಿನದು.

ತುಪಾಕಿಯ ಕತೆಯೂ ಕೊಳವೆಯದೇ. ತುರ್ಕಿಯ ‘ತುಫೆಕ್’, ಪಾರಸಿಯ ‘ತುಫಂಗ್’ ಮೊದಲು ಬಾಯಲ್ಲಿ ಊದಿ ಉಂಡೆ ಹಾರಿಸುವ ಊದುಗೊಳವೆಗೆ ಇದ್ದ ಹೆಸರು. ಬಂದೂಕಿನ ದಾರಿ ಬೇರೆ. ಅರಬ್ಬಿಯಲ್ಲಿ ‘ಬುಂದುಕ್’ ಎಂದರೆ ಗಟ್ಟಿ ಸಿಪ್ಪೆಯ ಒಂದು ಸಣ್ಣ ಕಾಯಿ. ಆ ಗಾತ್ರದ ಉಂಡೆಗೆ ಅದೇ ಹೆಸರು ಬಿತ್ತು, ಕೊನೆಗೆ ಉಂಡೆ ಹಾರಿಸುವ ಆಯುಧಕ್ಕೂ ಅಂಟಿತು.

ಬಳಕೆಯಲ್ಲಿ ಕೋವಿ ಎಂದರೆ ಹೆಗಲಿಗೆ ಆನಿಸುವ ಉದ್ದನೆಯದು. ಪಿಸ್ತೂಲನ್ನು ಯಾರೂ ಕೋವಿ ಎನ್ನುವುದಿಲ್ಲ. ಕೋವಿಗೆ ‘ಬಾರು ಮಾಡುತ್ತಾರೆ’ (ಮದ್ದುಗುಂಡು ತುಂಬುತ್ತಾರೆ), ‘ಈಡು ಹೊಡೆಯುತ್ತಾರೆ’ (ಗುಂಡು ಹಾರಿಸುತ್ತಾರೆ). ‘ಕೋವಿಯನ್ನು ಫೈರ್ ಮಾಡಿದನು’ ಎಂದು ಬರೆದರೆ ಮಲೆನಾಡಿನವರ ಕಿವಿಗೆ ಕಲ್ಲು ಕಡಿದಂತೆ. ಈ ‘ಈಡು’ ಇಡು ಎಂಬ ಕ್ರಿಯೆಯಿಂದ ಬಂದದ್ದು. ‘ಮನೆ ಈಡು ಇಟ್ಟರು’ ಎಂಬಲ್ಲಿ ಅದೇ ಪದ ಅಡವಾಗುತ್ತದೆ, ಗೊಂದಲ ಬೇಡ.

ಪ್ರಶ್ನೆ: ಹಳೆಯ ಮರಾಠಿ ಕಾಗದವೊಂದರಲ್ಲಿ ಸವಾರನೊಬ್ಬ ಸೊಂಟಕ್ಕೆ ‘ಫಿರಂಗ’ ಕಟ್ಟಿದ್ದ ಎಂದಿದೆ. ಫಿರಂಗಿಯನ್ನು ಸೊಂಟಕ್ಕೆ ಕಟ್ಟಲಾಗುತ್ತದೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಕಟ್ಟಿದ್ದು ಕತ್ತಿ. ಯುರೋಪಿನ ಅಲಗಿಗೆ ಇಲ್ಲಿನ ಹಿಡಿ ಕೂಡಿಸಿದ ನೇರ ಖಡ್ಗಕ್ಕೆ ಮರಾಠಿಯಲ್ಲಿ ‘ಫಿರಂಗ’ ಎನ್ನುತ್ತಾರೆ. ‘ಫ್ರಾಂಕ್’ ಜನರ ಹೆಸರು ಪಾರಸಿಯಲ್ಲಿ ‘ಫರಂಗಿ’ಯಾಗಿ, ಯುರೋಪಿನವರಿಗೆಲ್ಲ ಸಂದು, ಅವರು ತಂದದ್ದಕ್ಕೂ ಅಂಟಿಕೊಂಡಿತು. ಕನ್ನಡದಲ್ಲಿ ಅದು ಗಾಲಿಯ ಮೇಲಿನ ದೊಡ್ಡ ಆಯುಧ, ಮೈಸೂರು ಕಡೆ ಹಣ್ಣೂ ಹೌದು: ಪರಂಗಿ ಹಣ್ಣು. ಮರಾಠಿಯವರು ಆ ದೊಡ್ಡ ಆಯುಧಕ್ಕೆ ‘ತೋಫ’ ಎನ್ನುವುದರಿಂದ ಅನುವಾದಕರು ಎಡವುವುದು ಇಲ್ಲೇ. ಪಕ್ಕದ ಪದ ನೋಡಿ. ‘ಢಾಲ’ (ಗುರಾಣಿ), ಸೊಂಟ, ಒರೆ ಇದ್ದರೆ ಕತ್ತಿ ಎಂದೇ ಬರೆಯಿರಿ. ಕನ್ನಡ ಕಾಗದದಲ್ಲಿ ಬುರುಜು, ಗಾಡಿ, ಮದ್ದಿನ ಲೆಕ್ಕ ಜೊತೆಗಿದ್ದರೆ ಅದು ಗಾಲಿಯ ಮೇಲಿನ ಫಿರಂಗಿಯೇ.