ಲಾರಿ ಬಡೀತೈತಿ ಅಂದ್ರೆ ನಿಪ್ಪಾಣಿ ಕಡೆ ಏನು ಮಾಡ್ತೀವಿ

ನೀವು ಕೇಳಿದ್ದು ನಮ್ಮ ಕಡೆ ದಿನಾ ಕೇಳಿಬರುವ ಪ್ರಶ್ನೆ. ಎಂಜಿನ್ ಕೆಲಸ ಮಾಡಿಸಿ 15 ದಿನ ಆಗಿಲ್ಲ, ಲಾರಿ ಬಡಿಯೋಕೆ, ಅಂದರೆ ಎಂಜಿನ್ ಒಳಗಿಂದ ಏನೋ ಹೊಡೆದ ಹಾಗೆ ಸದ್ದು ಮಾಡೋಕೆ, ಶುರು ಮಾಡಿದೆ. ಈಗ ನಿಪ್ಪಾಣಿಯಲ್ಲೇ ತೋರಿಸಬೇಕಾ, ಕೊಲ್ಲಾಪುರಕ್ಕೆ ಒಯ್ಯಬೇಕಾ, ಬೆಳಗಾವಿಗೆ ವಾಪಸ್ ಹೋಗಬೇಕಾ? ಮೈಸೂರು ಕಡೆಯಿಂದ ಬಂದವರಿಗೆ ಇಲ್ಲಿ ಯಾರನ್ನು ನಂಬಬೇಕು ಅನ್ನೋದೇ ದೊಡ್ಡ ತಲೆನೋವು, ಗೊತ್ತು. ನಾನು 20 ವರ್ಷದಿಂದ ಈ ರಸ್ತೆಯಲ್ಲಿ ಲಾರಿ ಇಟ್ಟುಕೊಂಡವನು. ಎಲ್ಲಿಗೆ ಬೇಕಾದರೂ ಒಯ್ಯಿರಿ, ಆದರೆ ಸದ್ದು ಕೇಳದೆ ಪಾನಾ (ಸ್ಪ್ಯಾನರ್) ಎತ್ತಿಕೊಳ್ಳುವವನಿಂದ ಮಾತ್ರ ಎಂಜಿನ್ ಬಿಚ್ಚಿಸಬೇಡಿ.

ಊರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಪ್ಪಾಣಿಯಿಂದ ಕೊಲ್ಲಾಪುರ 40 ಕಿಲೋಮೀಟರ್ ಆಸುಪಾಸು. ಬೆಳಗಾವಿ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಗಾಗಿ ನಮ್ಮ ಚಿಕ್ಕೋಡಿ ಪಾಸಿಂಗಿನ ಕೆಎ 23 ಗಾಡಿಗಳೂ ಕೊಲ್ಲಾಪುರದ ಎಂಎಚ್ 09 ಗಾಡಿಗಳೂ ಒಂದೇ ಗ್ಯಾರೇಜಿನಲ್ಲಿ ಪಕ್ಕಪಕ್ಕ ನಿಂತಿರುತ್ತವೆ. ಕ್ರ್ಯಾಂಕ್ ಗ್ರೈಂಡಿಂಗ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ ಉಜ್ಜಿಸುವುದು), ಬೋರಿಂಗ್ (ಸಿಲಿಂಡರ್ ಕೊರೆಸುವುದು) ಅಂದರೆ ಕೆಲವರು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗುತ್ತಾರೆ, ಕೆಲವರು ಕೊಲ್ಲಾಪುರಕ್ಕೆ. ಎರಡೂ ಕಡೆ ಫೌಂಡ್ರಿ, ಲೇತ್ ಕೆಲಸ ಚೆನ್ನಾಗಿ ಬಲ್ಲ ಜನ ಇದ್ದಾರೆ. ಮಿಸ್ತ್ರಿ, ಅಂದರೆ ಮೆಕ್ಯಾನಿಕ್, ನಿಮ್ಮ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾನೆ, ಕೈಕೆಳಗಿನ ಹುಡುಗನಿಗೆ ಮರಾಠಿಯಲ್ಲಿ ಹೇಳುತ್ತಾನೆ, ಸ್ಪೇರ್ ಅಂಗಡಿಗೆ ಫೋನ್ ಮಾಡಿದರೆ ಹಿಂದಿ. ನಾವು ‘ಬಡೀತೈತಿ’ ಅಂದರೆ ಅವರು ‘ಠೋಕತಂಯ’ ಅನ್ನುತ್ತಾರೆ. ಎರಡೂ ಒಂದೇ. ಹೊರಗಿನವರು ಇದನ್ನು ಕೇಳಿ ಗಾಬರಿ ಆಗುತ್ತಾರೆ, ತಮ್ಮನ್ನು ಬಿಟ್ಟು ಏನೋ ಮಾತಾಡಿಕೊಳ್ಳುತ್ತಿದ್ದಾರೆ ಅಂತ. ಹಾಗೇನಿಲ್ಲ, ಇಲ್ಲಿ ಮನೆಮನೆಯಲ್ಲೂ ಮಾತು ಹೀಗೇ.

ನಮ್ಮದೇ ಒಂದು ಗಾಡಿಯ ವಿಷಯ ಹೇಳುತ್ತೇನೆ. ಹಳೆಯ ಟಾಟಾ, ಆರು ಸಿಲಿಂಡರಿನ ಕಮ್ಮಿನ್ಸ್ ಎಂಜಿನ್, ಮೈಕೋ ಕಂಪನಿಯ ಡೀಸೆಲ್ ಪಂಪ್. ಆ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಆಯಿತು, ಆದರೆ ಇಲ್ಲಿ ಪಂಪ್ ಅಂದರೆ ಇವತ್ತಿಗೂ ಮೈಕೋ. ಹಾಫ್ ಎಂಜಿನ್ ಕೆಲಸ ಮಾಡಿಸಿದ್ದೆ. ಹೆಡ್ ಇಳಿಸಿ ರಿಂಗ್, ಬೇರಿಂಗ್ ಹೊಸದು ಹಾಕಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಜಲ್ ಸರ್ವಿಸ್ ಮಾಡಿಸಿ ಕೂರಿಸಿದ್ದರು. ಕೊಲ್ಲಾಪುರದಿಂದ ಬೆಲ್ಲ ತುಂಬಿಕೊಂಡು ಬರುವಾಗ ತವಂದಿ ಘಾಟಿನಲ್ಲಿ ಸದ್ದು ಶುರುವಾಯಿತು. ಠಣ್ ಠಣ್ ಅಂತ ಗಟ್ಟಿ ಸದ್ದು, ಜೊತೆಗೆ ಕಪ್ಪು ಹೊಗೆ. ಕೆಲಸ ಮಾಡಿದ ಗ್ಯಾರೇಜಿನವರು ಕೂತಲ್ಲಿಂದಲೇ ‘ಬೇರಿಂಗ್ ಹೊಡೆದಿದೆ, ಕ್ರ್ಯಾಂಕ್ ಇಳಿಸಬೇಕು’ ಅಂದುಬಿಟ್ಟರು. ಬಾನೆಟ್ ಕೂಡ ಎತ್ತಿ ನೋಡಲಿಲ್ಲ. ಕ್ರ್ಯಾಂಕ್ ಇಳಿಸುವುದು ಅಂದರೆ ಏನು ಖರ್ಚು ಅಂತ ನಿಮಗೆ ಗೊತ್ತೇ ಇದೆ. ಕಬ್ಬಿನ ಸೀಸನ್ ಬೇರೆ. ಗಾಡಿ ಒಂದು ದಿನ ನಿಂತರೂ ನಷ್ಟ.

ಆಗ ನಾವೆಲ್ಲ ಮಾಮಾ ಅಂತ ಕರೆಯುವ ಒಬ್ಬ ಹಿರಿಯ ಮಿಸ್ತ್ರಿಯನ್ನು ಗಾಡಿ ಹತ್ತಿರವೇ ಕರೆತಂದೆ. ಅವರು ಕೇಳಿದ ಮೊದಲ ಮಾತು ‘ಏನೇನ್ ಬಿಚ್ಚಿದ್ರಿ?’ ಅಂತ. ರಿಪೇರಿ ಆದ ಮೇಲೆ ಬಂದ ಸದ್ದು ಹೆಚ್ಚಾಗಿ ಕೈ ಹಾಕಿದ ಜಾಗದಲ್ಲೇ ಇರುತ್ತದೆ. ಆಮೇಲೆ ಕೇಳಿದ್ದು, ‘ತಣ್ಣಗಿದ್ದಾಗ ಜಾಸ್ತಿನೋ, ಕಾದ ಮ್ಯಾಲೆ ಜಾಸ್ತಿನೋ?’ ನಮ್ಮ ಡ್ರೈವರ್ ‘ಎರಡೂ ಹೊತ್ತಿಗೂ ಅಷ್ಟೇ ಐತ್ರಿ’ ಅಂದ. ಆಯಿಲ್ ಪ್ರೆಶರ್ ಮೀಟರ್ ನೋಡಿದರು, ಸರಿಯಾಗಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಇಟ್ಟು, ಹಿಡಿಗೆ ಕಿವಿ ಕೊಟ್ಟು ಒಂದೊಂದೇ ಸಿಲಿಂಡರ್ ಕೇಳುತ್ತಾ ಹೋದರು.

ಆಮೇಲೆ ಸ್ಟಾರ್ಟಿನಲ್ಲೇ ಒಂದೊಂದು ನೋಜಲಿನ ಪೈಪ್ ನಟ್ ಸ್ವಲ್ಪ ಸಡಿಲ ಮಾಡಿದರು. ಆ ಸಿಲಿಂಡರಿಗೆ ಡೀಸೆಲ್ ಹೋಗುವುದು ನಿಲ್ಲುತ್ತದೆ, ಎಂಜಿನ್ ಸ್ವಲ್ಪ ಅಳ್ಳಾಡುತ್ತದೆ. ಒಂದು, ಎರಡು, ಮೂರು, ಸದ್ದು ಹಾಗೇ ಇತ್ತು. ನಾಲ್ಕನೆಯದು ಸಡಿಲ ಮಾಡಿದ ಕೂಡಲೇ ಸದ್ದು ಪೂರ್ತಿ ನಿಂತುಹೋಯಿತು. ಮಾಮಾ ತಲೆ ಎತ್ತಿ ‘ಇದು ಕಬ್ಬಿಣದ್ದಲ್ಲ, ಡೀಸೆಲ್ದು’ ಅಂದರು. ಬೇರಿಂಗೋ ಪಿಸ್ಟನ್ ಪಿನ್ನೋ ಆಗಿದ್ದರೆ ಸದ್ದು ಹೆಚ್ಚಾಗಿ ಮೆತ್ತಗಾಗುತ್ತದೆ, ಹೀಗೆ ಪೂರ್ತಿ ಹೋಗುವುದು ಅಪರೂಪ ಅಂತ ಅವರ ಲೆಕ್ಕ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ ಪರೀಕ್ಷೆ ಹಳೆಯ ಪಂಪಿನ ಗಾಡಿಗೆ ಮಾತ್ರ. ಎಲ್ಲಾ ನೋಜಲಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ ಆದರೆ, ಅಂದರೆ ಈಗಿನ ಬಿಎಸ್ 6 ಗಾಡಿಗಳಲ್ಲೂ ಅದಕ್ಕೂ ಮುಂಚಿನ ಹಲವು ಗಾಡಿಗಳಲ್ಲೂ, ಸ್ಟಾರ್ಟ್ ಇರುವಾಗ ಆ ನಟ್ ಮುಟ್ಟಲೇಬೇಡಿ. ಅಲ್ಲಿ ಒತ್ತಡ 1,000 ಬಾರ್ (bar) ದಾಟಬಹುದು. ಚಿಮ್ಮಿದ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಅದಕ್ಕೆ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಬೇಕು.

ನಮ್ಮ ಗಾಡಿಗೆ ಬರೋಣ. ನಾಲ್ಕರ ನೋಜಲ್ ತೆಗೆದು ಎರಡಕ್ಕೆ ಹಾಕಿದರು, ಎರಡರದ್ದು ನಾಲ್ಕಕ್ಕೆ. ನೋಜಲ್ ಕೆಟ್ಟಿದ್ದರೆ ಸದ್ದು ಎರಡಕ್ಕೆ ಹೋಗಬೇಕಲ್ವಾ? ಹೋಗಲಿಲ್ಲ. ನಾಲ್ಕರಲ್ಲೇ ಉಳಿಯಿತು. ನನಗೆ ಕೈಕಾಲು ತಣ್ಣಗಾಯಿತು, ಇನ್ನು ಪಿಸ್ಟನ್ನೇ ಗತಿ ಅಂತ. ಮಾಮಾ ಮಾತಾಡದೆ ನೋಜಲ್ ಮತ್ತೆ ಹೊರಗೆ ತೆಗೆದು, ಆ ತೂತಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಸೈಕಲ್ ಚಕ್ರದ ಕಡ್ಡಿಯ ತುದಿ ಬಗ್ಗಿಸಿ ಒಳಗೆ ಬಿಟ್ಟು, ಮೆಲ್ಲಗೆ ಕೆರೆದು, ಮೇಲಕ್ಕೆ ಎಳೆದರು. ಕೊಕ್ಕೆಯಲ್ಲಿ ಒಂದು ತಾಮ್ರದ ವಾಷರ್ ಸಿಕ್ಕಿಕೊಂಡಿತ್ತು. ಸುಟ್ಟು ಕಪ್ಪಾಗಿ, ಚಪ್ಪಟೆಯಾಗಿ, ತಳದ ಬಣ್ಣಕ್ಕೇ ತಿರುಗಿತ್ತು. ಹೆಡ್ ಕೂರಿಸಿದವರು ಹಳೆಯ ವಾಷರ್ ತೆಗೆಯದೆ ಅದರ ಮೇಲೆ ಹೊಸದು ಹಾಕಿ ನೋಜಲ್ ಬಿಗಿದಿದ್ದರು. ನೋಜಲ್ ಒಂದು ವಾಷರಿನಷ್ಟು ಮೇಲೆ ಕೂತಿತ್ತು. ಡೀಸೆಲ್ ಸಿಂಪಡಣೆ ಬೀಳಬೇಕಾದ ಕಡೆ ಬೀಳುತ್ತಿರಲಿಲ್ಲ. ಹೊಸ ವಾಷರ್ ಒಂದೇ ಹಾಕಿ ಬಿಗಿದರು. ಸದ್ದೂ ಹೋಯಿತು, ಹೊಗೆಯೂ ಹೋಯಿತು. ಆ ಸುಟ್ಟ ವಾಷರ್ ಇನ್ನೂ ನಮ್ಮ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿದೆ.

ಎಲ್ಲಾ ಸದ್ದೂ ಇಷ್ಟು ಸುಲಭವಲ್ಲ. ಮೇಲುಗಡೆ ಟಿಕ್ ಟಿಕ್ ಅಂತ, ಎಂಜಿನ್ ಸುತ್ತುವ ವೇಗದ ಅರ್ಧಕ್ಕೆ ಬಂದರೆ ಟ್ಯಾಪೆಟ್, ಅಂದರೆ ವಾಲ್ವಿನ ಸಂದು ಜಾಸ್ತಿಯಾಗಿದೆ. ನಮ್ಮ ಈ ಎಂಜಿನ್ನಿಗೆ ತಣ್ಣಗಿದ್ದಾಗ ಆ ಸಂದು ಇನ್‌ಲೆಟ್ ವಾಲ್ವಿಗೆ 0.25 ಮಿ.ಮೀ., ಎಕ್ಸಾಸ್ಟ್ ವಾಲ್ವಿಗೆ 0.51 ಇಡಬೇಕು, ಸಂದು ಅಳೆಯುವ ಫೀಲರ್ ಗೇಜ್ ಇದ್ದರೆ ಕೆಲಸ ಆಯಿತು. ಆರೂ ಸಿಲಿಂಡರ್ ಒಟ್ಟಿಗೆ ಗಡುಸಾಗಿ ಬಡಿದರೆ ಪಂಪ್ ಟೈಮಿಂಗ್ ಮುಂದಾಗಿದೆ, ಅಂದರೆ ಡೀಸೆಲ್ ಬೇಗ ಬೀಳುತ್ತಿದೆ ಅಂತ ಮೊದಲು ಅನುಮಾನ ಪಡಬೇಕು. ಬೆಳಿಗ್ಗೆ ಸದ್ದು ಇದ್ದು ಕಾದ ಮೇಲೆ ಹೋದರೆ ಪಿಸ್ಟನ್ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಸಡಿಲ.

ಆದರೆ ನೀವು ಹೇಳಿದ ಲಕ್ಷಣ ಬೇರೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ತಣ್ಣಗಿದ್ದಾಗ ಸುಮ್ನೆ ಇರುತ್ತದೆ, ಸಂಕೇಶ್ವರ ದಾಟುವಷ್ಟರಲ್ಲಿ ಕೆಳಗಿನಿಂದ ಧಡ್ ಧಡ್ ಅಂತ ಶುರುವಾಗುತ್ತದೆ, ಪ್ರೆಶರ್ ಮುಳ್ಳು ಇಳಿಯುತ್ತದೆ ಅಂದಿರಿ. ಆಯಿಲ್ ಕಾದು ತೆಳ್ಳಗಾದಾಗ ಹೆಚ್ಚುವ ಸದ್ದು ಬೇರಿಂಗಿನದೇ ಇರಬಹುದು. ನಿಮ್ಮದೂ ಇದೇ ಎಂಜಿನ್ ಆದರೆ, ಕಾದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ಪ್ರೆಶರ್ 10 ಪಿಎಸ್‌ಐಗಿಂತ ಕೆಳಗೆ ಇಳಿದರೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಈಗ ಬರೀ ಬೇರಿಂಗ್ ಹೋಗಿದ್ದರೆ ಕ್ರ್ಯಾಂಕ್ ಉಳಿಯುತ್ತದೆ. ಓಡಿಸಿದರೆ ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರಬಹುದು. ಗಾಡಿ ನಿಂತಲ್ಲಿಗೇ ಮಿಸ್ತ್ರಿಯನ್ನು ಕರೆಸಿ. ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿಸಿ, ಫಿಲ್ಟರ್ ಕುಯ್ದು ನೋಡಿಸಿ. ಹೊಳೆಯುವ ಚೂರು ಇದ್ದು, ಅಯಸ್ಕಾಂತಕ್ಕೆ ಅಂಟದಿದ್ದರೆ ಹೆಚ್ಚಾಗಿ ಬೇರಿಂಗ್ ಮೆಟಲ್. ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿದಾಗ ನೀವೇ ಬಗ್ಗಿ ನೋಡಿ, ರಾಡಿನ ಮೇಲಿನ ನಂಬರೂ ಅದರ ಕ್ಯಾಪಿನ ನಂಬರೂ ಒಂದೇನಾ ಅಂತ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ್ದರೆ ಆ ಬಿಲ್ಲಿನಲ್ಲಿರುವ ಸೈಜೂ ಬೇರಿಂಗ್ ಬೆನ್ನಿನ ಮೇಲೆ ಒತ್ತಿರುವ ಸೈಜೂ ತಾಳೆ ಆಗಬೇಕು. 0.25 ಮಿ.ಮೀ. ಗ್ರೈಂಡ್ ಮಾಡಿ ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಳೆಯ ಬಿಲ್‌ಗಳನ್ನೆಲ್ಲ ತೆಗೆದಿಡಿ. ಡ್ರೈವರ್‌ನನ್ನು ಊರಿಗೆ ಕಳಿಸಬೇಡಿ, ಗಾಡಿ ಹತ್ತಿರವೇ ಇರಲಿ. ಆ ಸದ್ದನ್ನು ಮೊದಲು ಕೇಳಿದವನು ಅವನು. ಅವನ ಬಾಯಿಂದಲೇ ಮಿಸ್ತ್ರಿಗೆ ಹೇಳಿಸಿ, ಕನ್ನಡವೋ ಮರಾಠಿಯೋ, ಬಾರದಿದ್ದರೆ ಬಾಯಲ್ಲೇ ಸದ್ದು ಮಾಡಿ ತೋರಿಸಲಿ.